ಐದನೇ ದರ್ಜೆಯ ಬಾಯ್ಲರ್

ಮಾರ್ಚ್ ೩, ಮಂಗಳವಾರ

ಮೊದಲು ಖರ್ಚು ಬರೆದಿಡುತ್ತೇನೆ, ಮಾತು ಆಮೇಲೆ.

ಬಾಯ್ಲರಿನ ರಿಪೇರಿ, ಬಂದಿರುವ ಅಂದಾಜಿನ ಪ್ರಕಾರ, ನನ್ನ ಎಂಟು ತಿಂಗಳ ಸಂಬಳದಷ್ಟು. ಅದನ್ನು ಯಾರ್ಡು ಕೊಡುತ್ತದೆ. ಸಾಗಣೆ ದರದ ವ್ಯತ್ಯಾಸ, ನನ್ನ ಹನ್ನೊಂದು ದಿನದ ಸಂಬಳ. ಅದನ್ನು ನಿನ್ನೆ ಸಂಜೆ ನನ್ನ ಜೇಬಿನಿಂದಲೇ ಕಟ್ಟಿದೆ. ಒಂದು ತಿದ್ದುಪಡಿ ಚೀಟಿ, ಪುಕ್ಕಟೆ. ಈ ನೋಟುಪುಸ್ತಕ, ಎರಡು ಟೀಯ ಬೆಲೆ. ಇನ್ನು ಹಮಾಲರ ಮೇಸ್ತ್ರಿಯ ಹಿತ್ತಾಳೆ ಬಿಲ್ಲೆ. ಅದು ಹೋಗುತ್ತದೋ ಉಳಿಯುತ್ತದೋ ಹದಿನೇಳನೇ ತಾರೀಖಿನ ವಿಚಾರಣೆಯಲ್ಲಿ ತೀರ್ಮಾನ. ಹೋದರೆ ಇಪ್ಪತ್ತೆರಡು ವರ್ಷದ ಕೆಲಸ ಹೋದಂತೆ. ಬಿಲ್ಲೆ ಕಿತ್ತುಕೊಂಡವನನ್ನು ಬೇರೆ ಯಾವ ಯಾರ್ಡೂ ಗೇಟು ದಾಟಲು ಬಿಡುವುದಿಲ್ಲ.

ನಾನು ಸರಕು ಯಾರ್ಡಿನ ದರ್ಜೆ ಗುಮಾಸ್ತ. ಸೂಜಿಯಿಂದ ಹಿಡಿದು ಹಬೆ ಯಂತ್ರದವರೆಗೆ ಏನೇ ಬಂದರೂ ಅದು ಎಷ್ಟು ಭಾರ, ಎಷ್ಟು ಜಾಗ ತಿನ್ನುತ್ತದೆ, ಎಷ್ಟು ಬೇಗ ಒಡೆಯುತ್ತದೆ ಎಂದು ನೋಡಿ ಒಂದರಿಂದ ಹದಿನೈದರೊಳಗೆ ಒಂದು ದರ್ಜೆ ಕಟ್ಟುವವನು. ದರ್ಜೆ ಏರಿದ ಹಾಗೆ ದರ ಏರುತ್ತದೆ. ರಸೀದಿ ಬರೆದು, ಸರಕಿನ ಮೈಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತೇನೆ. ಹಮಾಲರು ಕಾಗದ ನೋಡುವುದಿಲ್ಲ, ಅಂಕಿ ನೋಡುತ್ತಾರೆ. ಆರರವರೆಗೆ ಮಲಗಿಸಬಹುದು, ಮೇಲೆ ಹೇರಬಹುದು. ಹತ್ತರ ಮೇಲೆ ಹೋದರೆ ನೆಟ್ಟಗೆ ನಿಲ್ಲಿಸಿ ನಾಲ್ಕೂ ಕಡೆ ಬಿಗಿಯಬೇಕು. ಹದಿನಾಲ್ಕು ವರ್ಷದ ಹಿಂದೆ ಇದೇ ಪ್ಲಾಟ್‌ಫಾರ್ಮಿನಲ್ಲಿ ಮೂಟೆ ಹೊತ್ತವನು ನಾನು. ಯಾರ ಕೈ ಹಿಡಿದೂ ಮೇಲೆ ಬಂದವನಲ್ಲ. ದರ್ಜೆ ಪುಸ್ತಕದ ಆರುನೂರು ಪುಟ ಬಾಯಿಪಾಠ ಮಾಡಿ ಕಿಟಕಿಯ ಹಿಂದಿನ ಕುರ್ಚಿಗೆ ಬಂದೆ.

ಫೆಬ್ರವರಿ ಇಪ್ಪತ್ತಮೂರರಂದು ಒಬ್ಬ ಲಾಂಡ್ರಿಯಾಕೆ ಬಂದಳು. ಮುಚ್ಚಿಹೋದ ಗಿರಣಿಯೊಂದರಿಂದ ಹಳೆ ಬಾಯ್ಲರ್ ಕೊಂಡು, ಅರ್ಧ ದಿನದ ದಾರಿಯ ತನ್ನ ಊರಿಗೆ ಕಳಿಸುವವಳಿದ್ದಳು. ಅಲ್ಲಿನ ಆಸ್ಪತ್ರೆಯ ಹಾಸಿಗೆ ಬಟ್ಟೆಯೆಲ್ಲ ಒಗೆಯುವ ಗುತ್ತಿಗೆ ಅವಳಿಗೆ ಸಿಕ್ಕಿತ್ತು. ಒಳಗೆ ಇಟ್ಟಿಗೆಯ ಪದರ ಇರುವ, ಜೋಡಿಸಿದ ಬಾಯ್ಲರ್ ಎಂದರೆ ಹನ್ನೆರಡನೇ ದರ್ಜೆ. ದರ ಕೇಳಿ ಅವಳ ಮುಖ ಇಳಿಯಿತು. ನಾನು ಪುಸ್ತಕ ತಿರುವಿದೆ. ಕಬ್ಬಿಣದ ತೊಟ್ಟಿ, ಖಾಲಿ, ಐದನೇ ದರ್ಜೆ. ಹಾಗೆಂದೇ ಬರೆದುಕೊಟ್ಟೆ. ಅವಳಿಗೆ ಮೂರರಲ್ಲಿ ಒಂದು ಪಾಲು ದರ ಉಳಿಯಿತು. ಲಂಚ ಕೇಳಲಿಲ್ಲ, ಮುಟ್ಟಲಿಲ್ಲ. ನಿಮ್ಮಂಥ ತಿಳಿದವರು ಕಿಟಕಿಗೊಬ್ಬರಿರಬೇಕು ಎಂದಳು, ಅಷ್ಟೇ ನನ್ನ ಸಂಪಾದನೆ.

ಹಮಾಲರು ಐದು ನೋಡಿ ಮಲಗಿಸಿದರು. ಮೇಲೆ ತಂತಿಯ ಸುರುಳಿಗಳನ್ನು ಹೇರಿದರು. ಅದು ತಲುಪುವಷ್ಟರಲ್ಲಿ ಇಟ್ಟಿಗೆ ಕುಸಿದು, ಕೊಳವೆಗಳು ಕಿತ್ತು, ಬಾಗಿಲು ಸೊಟ್ಟಗಾಗಿತ್ತು. ನಿನ್ನೆ ಮಧ್ಯಾಹ್ನ ಅವಳ ಪತ್ರ ಬಂತು.

ಲೋಡ್ ಮಾಡುವ ಮುಂಚೆ ದರ್ಜೆ ತಪ್ಪೆಂದು ಕಂಡರೆ ಗುಮಾಸ್ತ ತಿದ್ದುಪಡಿ ಚೀಟಿ ಬರೆದು ವ್ಯತ್ಯಾಸ ಕಟ್ಟಿಸಿಕೊಳ್ಳಬಹುದು, ಹಾಗೊಂದು ನಿಯಮ ಇದೆ. ನಾನು ಹಿಂದಿನ ತಾರೀಖು ಹಾಕಿ ಬರೆದೆ: ಐದು ತಿದ್ದಿ ಹನ್ನೆರಡು ಮಾಡಲಾಗಿದೆ, ಸರಕಿನ ಮೇಲೂ ತಿದ್ದಲಾಗಿದೆ. ಖಾಲಿ ತೊಟ್ಟಿಗೆ ಯಾರ್ಡು ಗುಜರಿ ಬೆಲೆ ಕೊಡುತ್ತದೆ, ಹನ್ನೆರಡನೇ ದರ್ಜೆಯ ಬಾಯ್ಲರಿಗೆ ಪೂರ್ತಿ ಪರಿಹಾರ. ಅಂದರೆ ಬಡಪಾಯಿ ಹೆಂಗಸಿನ ಗುತ್ತಿಗೆ ಉಳಿಸಲು ಮಾಡಿದ ಕೆಲಸ ಇದು.

ಹನ್ನೆರಡರ ಸರಕನ್ನು ಮಲಗಿಸಿದ್ದು ಯಾಕೆ ಎಂಬ ಪ್ರಶ್ನೆ ಈಗ ಮೇಸ್ತ್ರಿಯ ಮೇಲೆ ಬಂದಿದೆ. ಅವನು ಹಳೆಯ ಆಸಾಮಿ, ಎಚ್ಚರಿಕೆ ಕೊಟ್ಟು ಬಿಡುತ್ತಾರೆ.

ಮಾರ್ಚ್ ೫, ಗುರುವಾರ

ಮೊನ್ನೆ ಎರಡು ವಿಷಯ ಬರೆಯಲಿಲ್ಲ. ಜಾಗ ಇರಲಿಲ್ಲ ಅಂತಲ್ಲ.

ಒಂದು, ಮೇಸ್ತ್ರಿ ನನ್ನ ಹೆಂಡತಿಯ ಒಡಹುಟ್ಟಿದ ಅಣ್ಣ. ಯಾರ್ಡಿನಲ್ಲಿ ಆ ಸಂಬಂಧ ಗೇಟಿನ ಹೊರಗೆ ಉಳಿಯುತ್ತದೆ. ಒಳಗೆ ಅವನು ಮೇಸ್ತ್ರಿ, ನಾನು ಸಾರ್.

ಎರಡು, ಅವನು ಕೇಳಿದ್ದ.

ಆ ದಿನ ಬಾಯ್ಲರನ್ನು ಎತ್ತುವ ಮುಂಚೆ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ನಡೆದುಕೊಂಡು ನನ್ನ ಕಿಟಕಿಗೆ ಬಂದ. ಲಾಂಡ್ರಿಯಾಕೆ ನಿಂತಿದ್ದಳು, ಹಿಂದೆ ಸಾಲು ಇತ್ತು, ಪಕ್ಕದಲ್ಲಿ ಕ್ಯಾಷಿಯರು.

"ಸಾರ್, ಒಳಗೆ ಇಟ್ಟಿಗೆ ಇದ್ದ ಹಾಗಿದೆ. ನಿಲ್ಲಿಸ್ಲಾ?"

ಹೂಂ ಎಂದಿದ್ದರೆ ಸಾಕಿತ್ತು. ಕಟ್ಟುವ ಹಗ್ಗಕ್ಕೆ ಹೆಚ್ಚಿಗೆ ಕಾಸೇನೂ ಇಲ್ಲ. ಆದರೆ ನನ್ನ ಜಾಣತನ ಸಾಲಿನ ಮುಂದೆ ಬಯಲಾಗುತ್ತಿತ್ತು. ಅದಕ್ಕೆ ಹೀಗೆಂದೆ:

"ಅಂಕಿ ಓದೋಕೆ ಬರುತ್ತೆ ತಾನೆ ಮೇಸ್ತ್ರಿ? ಬೆರಳಲ್ಲಿ ತಟ್ಟಿ ದರ್ಜೆ ಕಂಡುಹಿಡಿಯೋ ಹಾಗಿದ್ರೆ ಕುರ್ಚಿ ನಿಮಗೇ ಹಾಕ್ತಿದ್ರು."

ಸಾಲಿಗೆ ಸಾಲೇ ನಕ್ಕಿತು. ಮಾತು ಎಸೆದ ಕೂಡಲೇ ನಗು ಬಂದರೆ ನನಗೆ ಊಟ ಮಾಡಿದಷ್ಟು ಸಮಾಧಾನ, ಮೊದಲಿನಿಂದಲೂ ಹಾಗೇ. ಅವನು ಸರಿ ಸಾರ್ ಎಂದು ಹೊರಟುಹೋದ.

ಮಾರ್ಚ್ ೮, ಭಾನುವಾರ

ಮೇಸ್ತ್ರಿ ಮನೆಗೆ ಬಂದಿದ್ದ. ವಾರಕ್ಕೊಮ್ಮೆ ತಂಗಿಯನ್ನು ನೋಡಲು ಬರುವುದು ಅವನ ರೂಢಿ. ಆರು ಕಿತ್ತಳೆ ತಂದಿದ್ದ. ಹೆಂಡತಿ ಅಡುಗೆಮನೆಗೆ ಹೋದಾಗ ನಾವಿಬ್ಬರೇ ಉಳಿದೆವು. ನಾನು ಸಾಗಣೆ ದರ ಏರುವುದರ ಬಗ್ಗೆ, ಹೊಸ ತೂಕದ ಯಂತ್ರದ ಬಗ್ಗೆ, ಇನ್ನೂ ಏನೇನೋ ಮಾತಾಡಿದೆ. ಅವನು ಕಿತ್ತಳೆ ಸುಲಿಯುತ್ತ ಕೇಳಿಸಿಕೊಂಡ.

"ಆವತ್ತು ನಾನು ಬಂದು ಕೇಳಿದ್ದೆ," ಎಂದ.

"ದಿನಕ್ಕೆ ನೂರು ಜನ ಬಂದು ನೂರು ಕೇಳ್ತಾರೆ ಭಾವ. ಎಲ್ಲಾ ಎಲ್ಲಿ ನೆನಪಿರುತ್ತೆ?"

"ಹೌದು ಬಿಡು. ಕೆಲಸ ಜಾಸ್ತಿ ನಿಂಗೆ."

ಸುಲಿದ ತೊಳೆಗಳನ್ನು ನನ್ನ ಕಡೆ ತಳ್ಳಿದ. ಟೀ ಕುಡಿದಾದ ಮೇಲೆ ಲೋಟ ಹಿಡಿದು ಎದ್ದು ಹೋಗಿ ತಾನೇ ತೊಳೆದಿಟ್ಟ. ಹದಿನೆಂಟು ವರ್ಷದಲ್ಲಿ ಈ ಮನೆಯಲ್ಲಿ ಅವನು ಲೋಟ ತೊಳೆದದ್ದು ನಾನು ನೋಡಿಲ್ಲ. ನೆಂಟರಲ್ಲದವರ ಮನೆಯಲ್ಲಿ ಜನ ಹಾಗೆ ಮಾಡುತ್ತಾರೆ.

ಅವನು ಹೋದ ಮೇಲೆ ಹೆಂಡತಿ, ಅಣ್ಣ ಮಾಡಿದ ತಪ್ಪಾದರೂ ಏನು ಎಂದು ಕೇಳಿದಳು. ನಾನು ದರ್ಜೆ, ನಿಯಮ, ಲೋಡಿನ ಕ್ರಮ ಎಲ್ಲವನ್ನೂ ಬಿಡಿಸಿ ಹೇಳಿದೆ. ಅರ್ಧ ಗಂಟೆ ಹಿಡಿಯಿತು.

"ನೀವು ಇಷ್ಟುದ್ದ ಮಾತಾಡಿದಾಗೆಲ್ಲ ನಂಗೆ ಭಯ ಆಗುತ್ತೆ," ಎಂದಳು.

ಮಾರ್ಚ್ ೧೧, ಬುಧವಾರ

ಲಾಂಡ್ರಿಯಾಕೆ ಬಂದಿದ್ದಳು. ಪರಿಹಾರ ಮಂಜೂರಾಗುವ ಬಗ್ಗೆ ಯಾರ್ಡು ಬರೆದ ಪತ್ರ ಅವಳ ಕೈಯಲ್ಲಿತ್ತು. ಸಾಲು ಕರಗುವವರೆಗೂ ಬೆಂಚಿನ ಮೇಲೆ ಕೂತಿದ್ದು ಆಮೇಲೆ ಕಿಟಕಿಗೆ ಬಂದಳು.

ಹನ್ನೆರಡನೇ ದರ್ಜೆಯ ವ್ಯತ್ಯಾಸವನ್ನು ತಾನು ಕಟ್ಟಿದ್ದೇನೆಂದು ಇದರಲ್ಲಿ ಬರೆದಿದೆಯಲ್ಲ, ಕಟ್ಟಿದ್ದು ಯಾರು ಎಂದು ಮೆಲ್ಲಗೆ ಕೇಳಿದಳು. ಬಟ್ಟೆಯ ಲೆಕ್ಕ ಇಡುವವಳು, ಒಂದು ಕರವಸ್ತ್ರ ಕಡಿಮೆಯಾದರೂ ಗೊತ್ತಾಗುತ್ತದೆ ಅವಳಿಗೆ. ನಿಮ್ಮ ಒಳ್ಳೆಯದಕ್ಕೇ ಆದದ್ದು, ಬಾಯಿ ಬಿಡಬೇಡಿ ಎಂದೆ. ಹಾಗಾದರೆ ತಪ್ಪು ಯಾರ ಮೇಲೆ ಬರುತ್ತದೆ ಎಂದು ಕೇಳಿದಳು. ಹೇಳಿದೆ. ಹೇಳುವಾಗ ನನ್ನ ಕಣ್ಣು ರಬ್ಬರ್ ಸ್ಟಾಂಪಿನ ಮೇಲಿತ್ತು.

ಅವಳು ಪತ್ರವನ್ನು ಕಿಟಕಿಯ ಅಂಚಿನ ಮೇಲೆ ಬಿಡಿಸಿಟ್ಟಳು.

"ನಂಗೆ ಬಾಯ್ಲರ್ ಬೇಕು ಸಾರ್. ಇಲ್ಲ ಅನ್ನಲ್ಲ. ಆದ್ರೆ ಆವತ್ತು ಆ ಯಜಮಾನ್ರು ಬಂದು ಕೇಳಿದಾಗ ನಾನೂ ನಕ್ಕೆ. ನನ್ನ ಸಾಮಾನಿಗೆ ಅವ್ರು ಕೇಳಿದ್ದು, ನಾನೇ ನಕ್ಕೆ."

ಪತ್ರ ಮಡಚಿಕೊಂಡು ಹೋದಳು. ಬಾಯಿ ಬಿಡುವುದಿಲ್ಲ. ನನ್ನ ಕೆಲಸ ಸಲೀಸಾಯಿತು ಎಂದು ಬರೆಯಬೇಕು.

ಮಾರ್ಚ್ ೧೪, ಶನಿವಾರ

ಮೊದಲ ಪುಟದಲ್ಲಿ ಯಾರ ಕೈ ಹಿಡಿದೂ ಮೇಲೆ ಬಂದವನಲ್ಲ ಎಂದು ಬರೆದಿದ್ದೇನೆ. ಅಳಿಸುವುದಿಲ್ಲ, ಆದರೆ ಲೆಕ್ಕ ತಪ್ಪು.

ಮೂಟೆ ಹೊರುವ ಕೆಲಸಕ್ಕೆ ನನ್ನನ್ನು ಸೇರಿಸಿದವನು ಮೇಸ್ತ್ರಿ. ದರ್ಜೆ ಪುಸ್ತಕ ಓದಿದ್ದು ನಾನೇ, ಅದು ನಿಜ. ಯಾವಾಗ ಓದಿದೆ ಎಂದು ಇವತ್ತು ಯೋಚಿಸಿದೆ. ದಿನಾ ಮಧ್ಯಾಹ್ನ ಎರಡು ಗಂಟೆ, ಗೋಡೌನಿನ ಹಿಂದೆ, ಎರಡು ವರ್ಷ. ಆ ಎರಡು ಗಂಟೆ ನನ್ನ ಪಾಲಿನ ಮೂಟೆಗಳು ತಾವಾಗಿಯೇ ನಡೆದು ಲಾರಿ ಹತ್ತಲಿಲ್ಲ. ದಿನಕ್ಕೆ ನಲವತ್ತು ಮೂಟೆ ಅಂತ ಹಿಡಿದರೆ, ವರ್ಷಕ್ಕೆ ಮುನ್ನೂರು ದಿನ, ಎರಡು ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ ಮೂಟೆ. ಅದನ್ನೆಲ್ಲ ಹೊತ್ತ ಭಾವ ಒಂದು ದಿನವೂ ಎತ್ತಿ ಆಡಿದ್ದಿಲ್ಲ. ಕುರ್ಚಿ ಸಿಕ್ಕ ದಿನ ಗುಂಪಿನ ಎದುರು ಮೊದಲು ಸಾರ್ ಎಂದು ಕರೆದವರೂ ಅವರೇ. ಉಳಿದವರು ಅದನ್ನು ನೋಡಿ ಕಲಿತರು.

ಮಂಗಳವಾರ ಎಚ್ಚರಿಕೆ ಕೊಟ್ಟು ಬಿಡುತ್ತಾರೆ. ಬಿಡಲೇಬೇಕು.

ಮಾರ್ಚ್ ೧೭, ಮಂಗಳವಾರ

ವಿಚಾರಣೆ ಮ್ಯಾನೇಜರ ಕೋಣೆಯಲ್ಲಿ ನಡೆಯಿತು. ನನ್ನನ್ನು ಕರೆದದ್ದು ನಿಯಮ ಓದಲಿಕ್ಕೆ. ಹನ್ನೆರಡನೇ ದರ್ಜೆಯ ಸರಕನ್ನು ಹೇಗೆ ಲೋಡ್ ಮಾಡಬೇಕು ಎಂದು ಕೇಳಿದರು. ಪುಸ್ತಕ ತೆರೆಯದೆ ಹೇಳಿದೆ. ನೆಟ್ಟಗೆ, ನಾಲ್ಕು ಕಡೆ ಬಿಗಿದು, ಮೇಲೆ ಏನೂ ಹೇರದೆ. ಒಂದಕ್ಷರ ತಪ್ಪಲಿಲ್ಲ.

ಗುಂಪಿನ ಆರೂ ಜನ ಸರಕಿನ ಮೇಲೆ ಐದು ಅಂತಲೇ ಇತ್ತು ಎಂದರು. ತಮ್ಮ ಮೇಸ್ತ್ರಿಯ ಪರ ಹೇಳುತ್ತಿದ್ದಾರೆ ಎಂದು ಮ್ಯಾನೇಜರು ಬರೆದುಕೊಂಡರು. ಆಮೇಲೆ ತಿದ್ದುಪಡಿ ಚೀಟಿ ಎತ್ತಿ ತೋರಿಸಿ, ತಿದ್ದಿದ ಅಂಕಿ ಇರಲಿಲ್ಲವೋ, ನೀವು ನೋಡಲಿಲ್ಲವೋ ಎಂದು ಭಾವನನ್ನು ಕೇಳಿದರು.

ಇರಲಿಲ್ಲ ಎಂದರೆ ಚೀಟಿ ಸುಳ್ಳು. ಚೀಟಿ ಬರೆದವನು ಎದುರಿಗೇ ಕೂತಿದ್ದ. ಭಾವ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಲೋಡ್ ಏರಿಸುವ ಮುಂಚೆ ಭಾರ ಅಂದಾಜು ಮಾಡುತ್ತಾರಲ್ಲ, ಆ ಥರ.

"ನನ್ನ ಕಣ್ಣಿಗೆ ಬೀಳಲಿಲ್ಲ ಸ್ವಾಮಿ."

ಬಾಯಿ ತೆರೆಯಲು ನನಗೆ ಅಷ್ಟೊಂದು ಸಮಯವಿತ್ತು. ಮ್ಯಾನೇಜರು ಆದೇಶ ಬರೆದು, ಮತ್ತೊಮ್ಮೆ ಓದಿ, ಸಹಿ ಹಾಕಿ, ಒತ್ತುಕಾಗದ ಒತ್ತುವವರೆಗೂ ಸಮಯವಿತ್ತು. ಬಾಯಿಗೇ ಹೆಸರಾದವನು ನಾನು.

ಬಿಲ್ಲೆಯ ಪಿನ್ನು ಬಟ್ಟೆಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಬಹಳ ಹೊತ್ತು ಹಿಡಿಯಿತು. ಅಂಗಿ ಹರಿಯಬಾರದೆಂದು ಭಾವ ಮೆತ್ತಗೆ ತೆಗೆದರು.

ಮಾರ್ಚ್ ೧೮, ಬುಧವಾರ

ಇಪ್ಪತ್ತಮೂರು ಸರಕು. ಎಲ್ಲದಕ್ಕೂ ಸರಿಯಾದ ದರ್ಜೆ.

ಹಮಾಲರು ಒಂದೊಂದಕ್ಕೂ ಕಿಟಕಿಗೆ ಬಂದು ಕೇಳಿದರು. ಇದು ನಿಲ್ಲಬೇಕಾ ಸಾರ್, ಮಲಗಬೇಕಾ? ಕೊನೆಗೊಬ್ಬ ಖಾಲಿ ಬಕೆಟ್ ಎತ್ತಿಕೊಂಡು ಬಂದು, ತಟ್ಟಿ ನೋಡ್ಲಾ ಸಾರ್, ಅಪ್ಪಣೆ ಉಂಟಾ ಎಂದ. ಸಾಲು ನಕ್ಕಿತು.

ಹೆಂಡತಿ ಮಾತಾಡುತ್ತಿಲ್ಲ. ಅಣ್ಣನ ಮನೆಗೆ ಹೋಗಿ ಬಂದಿದ್ದಾಳೆ. ಅವರು ಅಲ್ಲಿಯೂ ಏನೂ ಹೇಳಿಲ್ಲ.

ಮಾರ್ಚ್ ೧೯, ಗುರುವಾರ

ರಜೆ ಕೇಳಲೆಂದು ಮ್ಯಾನೇಜರ ಕೋಣೆಗೆ ಹೋದೆ. ರಜೆಯ ಅರ್ಜಿ ಕೈಯಲ್ಲೇ ಇತ್ತು, ಈಗಲೂ ಜೇಬಿನಲ್ಲಿದೆ. ಹೋಗಿ ನಿಂತವನು, ಅಂಕಿ ತಿದ್ದಿರಲಿಲ್ಲ ಸಾರ್, ಐದೇ ಇತ್ತು, ಚೀಟಿ ಆಮೇಲೆ ಬರೆದೆ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕುಳಿತುಕೊಳ್ಳಿ ಎಂದು ನೀರು ತರಿಸಿದರು. ಮನೆಯಲ್ಲಿ ಕಷ್ಟವಾಗಿರಬೇಕು, ಅರ್ಥವಾಗುತ್ತದೆ, ಹೆಂಡತಿಯ ಅಣ್ಣನಿಗಾಗಿ ತಪ್ಪನ್ನು ಮೈಮೇಲೆ ಎಳೆದುಕೊಳ್ಳುವ ದೊಡ್ಡ ಮನಸ್ಸು ಎಲ್ಲರಿಗೂ ಬರುವುದಿಲ್ಲ ಎಂದರು. ನಾನು ಮತ್ತೆ ಹೇಳಿದೆ. ಅವರು ಮತ್ತೆ ಹೊಗಳಿದರು. ಇಷ್ಟು ವರ್ಷ ಬಾಯಿಗೆ ಬಂದದ್ದನ್ನು ಜನ ನಂಬಿದರು, ಈಗ ನಿಜ ಹೇಳಿದರೆ ನೀರು ಕುಡಿಸುತ್ತಾರೆ.

ಇಲ್ಲಿ ಒಂದು ಮಾತು ಬರೆಯಲೇಬೇಕು. ಹೊಗಳಿಕೆ ಕೇಳಿ ಒಂದು ಗಳಿಗೆ ಹಿತವಾಯಿತು. ಎದ್ದು ಹೊರಡಲೂ ಎದ್ದೆ. ಪ್ರಯತ್ನ ಮಾಡಿದೆ, ನಂಬಲಿಲ್ಲ ಎಂದು ಮನೆಯಲ್ಲಿ ಹೇಳಿದರಾಯಿತು ಎಂದು ಬಾಗಿಲವರೆಗೂ ಹೋಗಿದ್ದೆ.

ತಿರುಗಿ ಬಂದು, ಕ್ಯಾಷಿಯರ ಪುಸ್ತಕ ತರಿಸಿ ಎಂದೆ. ಚೀಟಿಯ ಮೇಲೆ ಯಾವ ತಾರೀಖು ಬೇಕಾದರೂ ಹಾಕಬಹುದು, ಕ್ಯಾಷಿಯರು ಹಣ ತೆಗೆದುಕೊಂಡ ದಿನವೇ ಬರೆಯುತ್ತಾನೆ. ಲೋಡ್ ಆದದ್ದು ಫೆಬ್ರವರಿ ಇಪ್ಪತ್ತಮೂರು. ವ್ಯತ್ಯಾಸದ ಹಣ ಬಂದದ್ದು ಮಾರ್ಚ್ ಎರಡು. ಏಳು ದಿನ. ಹದಿನೇಳು ದಿನದಿಂದ ಆ ಸಾಲು ಆ ಪುಸ್ತಕದಲ್ಲಿತ್ತು, ಯಾರೂ ನೋಡಲಿಲ್ಲ. ನಾನು ದಿನಾ ಅದರ ಪಕ್ಕದಲ್ಲೇ ಕೂತಿದ್ದೆ.

ಮ್ಯಾನೇಜರು ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ದೊಡ್ಡ ಮನಸ್ಸಿನ ಮಾತು ಮತ್ತೆ ಬರಲಿಲ್ಲ.

"ಎರಡು ದಿನ ಮುಂಚೆ ಹೇಳೋಕೆ ಏನಾಗಿತ್ತು ನಿಮಗೆ?"

ರಜೆಯ ಅರ್ಜಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಮಾರ್ಚ್ ೨೦, ಶುಕ್ರವಾರ

ಹೆಂಡತಿಗೆ ಹೇಳಿದೆ. ಐದೇ ಮಾತಿನಲ್ಲಿ ಮುಗಿಯಿತು.

ಅವಳು ಕೂಗಾಡಲಿಲ್ಲ. ಕುರ್ಚಿ ಹೋಗುತ್ತದಾ ಎಂದು ಕೇಳಲಿಲ್ಲ, ದುಡ್ಡಿನ ಮಾತೂ ಎತ್ತಲಿಲ್ಲ. ಬಟ್ಟೆ ಮಡಚುತ್ತಲೇ ಇದ್ದಳು.

"ಅಣ್ಣ ಬಂದು ಕೇಳ್ದಾಗ ಎಷ್ಟು ಜನ ನಕ್ಕರು?"

"ಏಳೆಂಟು."

"ನೀವೂ ಸೇರಿನಾ?"

ನಾನೂ ಸೇರಿ ಎಂದೆ.

ಲಾಂಡ್ರಿಯಾಕೆಗೆ ಕಾಗದ ಬರೆದೆ. ಯಾರ್ಡಿನ ಪರಿಹಾರ ಬರುವುದಿಲ್ಲ, ಗುಜರಿ ಬೆಲೆ ಮಾತ್ರ. ರಿಪೇರಿ ಮಾಡಿಸಿ ಬಿಲ್ಲು ನನಗೆ ಕಳಿಸಿ. ಮ್ಯಾನೇಜರು ಒಪ್ಪಿದ್ದಾರೆ, ನನ್ನ ಸಂಬಳದಲ್ಲಿ ಹಿಡಿದು ನಿಮಗೇ ಕಳಿಸುತ್ತಾರೆ. ಮೊದಲು ಮೂರು ಪುಟ ಬರೆದಿದ್ದೆ. ಹರಿದುಹಾಕಿ ನಾಲ್ಕು ಸಾಲು ಕಳಿಸಿದೆ.

ಮಾರ್ಚ್ ೨೬, ಗುರುವಾರ

ಆದೇಶ ಬಂತು. ಕುರ್ಚಿ ಹೋಯಿತು. ಕೆಲಸದಿಂದ ತೆಗೆಯಲಿಲ್ಲ, ಪ್ಲಾಟ್‌ಫಾರ್ಮಿಗೆ ಇಳಿಸಿದರು. ಹಮಾಲರ ಕೂಲಿ ನನ್ನ ಸಂಬಳದ ಮೂರರಲ್ಲಿ ಎರಡು ಪಾಲು. ಅದರಲ್ಲಿ ಅರ್ಧ ಇಪ್ಪತ್ತನಾಲ್ಕು ತಿಂಗಳು ಬಾಯ್ಲರಿಗೆ.

ಭಾವನನ್ನು ಕರೆಸಿ ಬಿಲ್ಲೆ ವಾಪಸ್ ಕೊಟ್ಟರು. ನಾನು ಕೋಣೆಯಲ್ಲೇ ನಿಂತಿದ್ದೆ. ಮ್ಯಾನೇಜರು ಸಮಾಧಾನದ ದನಿಯಲ್ಲಿ, ಮನೆಯವರೇ ತಾನೆ, ಇವರನ್ನು ನಿಮ್ಮ ಗುಂಪಿಗೇ ಹಾಕುತ್ತೇನೆ, ಹೇಗೋ ಹೊಂದಿಸಿಕೊಂಡು ಹೋಗಿ ಎಂದರು. ಭಾವ ಒಪ್ಪಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಒಪ್ಪಿಕೊಂಡರೆ ಏನು ಹೇಳಬೇಕು ಎಂದು ಎರಡು ವಾಕ್ಯ ಜೋಡಿಸಿಯೂ ಇಟ್ಟಿದ್ದೆ.

ಭಾವ ಬಿಲ್ಲೆ ಸಿಕ್ಕಿಸಿಕೊಳ್ಳುತ್ತಿದ್ದರು.

"ಬೇಡ ಸ್ವಾಮಿ. ಭಾರ ಎತ್ತುವಾಗ ಒಬ್ಬ ಕೇಳಿದ್ರೆ ಇನ್ನೊಬ್ಬ ಉತ್ತರ ಕೊಡ್ಬೇಕು. ಇಲ್ದಿದ್ರೆ ಕಾಲ ಮೇಲೆ ಬೀಳುತ್ತೆ. ಅಷ್ಟೇ, ಬೇರೇನಿಲ್ಲ."

ನನ್ನ ಕಡೆ ತಿರುಗಿ, ಸೊಂಟಕ್ಕೆ ಪಟ್ಟಿ ಕಟ್ಕೋ, ಹದಿನಾಲ್ಕು ವರ್ಷ ಆಯ್ತು ನೀನು ಎತ್ತಿ ಎಂದು ಹೇಳಿ ಹೋದರು. ಕುರ್ಚಿ ಸಿಕ್ಕ ಮೇಲೆ ಯಾರ್ಡಿನೊಳಗೆ ನೀನು ಎಂದದ್ದು ಅದೇ ಮೊದಲು.

ಮಾರ್ಚ್ ೩೦, ಸೋಮವಾರ

ಬೆನ್ನು ನೋವು. ಬರೆಯಲಾರೆ.

ಏಪ್ರಿಲ್ ೫, ಭಾನುವಾರ

ಲಾಂಡ್ರಿಯಾಕೆಯ ಕಾಗದ ಬಂತು, ಜೊತೆಗೆ ಇಟ್ಟಿಗೆ ಕೆಲಸದವನ ಬಿಲ್ಲು. ಬಾಯ್ಲರ್ ಹೊತ್ತಿಕೊಂಡಿತು, ಸೋರುತ್ತಿಲ್ಲ ಎಂದು ಬರೆದಿದ್ದಾಳೆ. ಕೆಳಗೆ ಇನ್ನೊಂದು ಸಾಲು: ಬಾಯ್ಲರ್ ಅಂತಲೇ ಬರೆದುಕೊಟ್ಟಿದ್ದರೆ ನಾನು ಗೊಣಗಿ ದುಡ್ಡು ಕಟ್ಟಿ ಹೋಗುತ್ತಿದ್ದೆ.

ಲೆಕ್ಕ ಮುಗಿಸುತ್ತೇನೆ. ಯಾರಿಗೆ ಏನು ಸಿಕ್ಕಿತು ಎಂಬುದು ಹೀಗಿದೆ.

ಯಾರ್ಡಿಗೆ ನಾನು ಕಟ್ಟಿದ ಹನ್ನೊಂದು ದಿನದ ಸಂಬಳ. ಸುಳ್ಳು ಚೀಟಿಯ ಹಣ ವಾಪಸ್ ಕೊಡುವ ನಿಯಮ ಪುಸ್ತಕದಲ್ಲಿಲ್ಲ, ನಾನೇ ಹುಡುಕಿ ನೋಡಿದೆ.

ಮ್ಯಾನೇಜರಿಗೆ ಮೇಲಿನ ಕಚೇರಿಯಿಂದ ಎರಡು ಸಾಲಿನ ಮೆಚ್ಚುಗೆ, ವಂಚನೆ ಪತ್ತೆಹಚ್ಚಿದ್ದಕ್ಕೆ.

ಕ್ಯಾಷಿಯರಿಗೆ ನನ್ನ ಕುರ್ಚಿ. ದರ್ಜೆ ಪುಸ್ತಕದಲ್ಲಿ ಇನ್ನೂ ನೂರನೇ ಪುಟದಲ್ಲಿದ್ದಾನೆ.

ಲಾಂಡ್ರಿಯಾಕೆಗೆ ಹೊಸ ಇಟ್ಟಿಗೆ, ಹೊಸ ಕೊಳವೆ, ಮತ್ತು ಅರ್ಧ ಗುತ್ತಿಗೆ. ಇನ್ನರ್ಧ ಬಟ್ಟೆಯನ್ನು ಆಸ್ಪತ್ರೆ ಕಾಯಲಾರದೆ ಬೇರೆಯವರಿಗೆ ಕೊಟ್ಟಾಗಿದೆ.

ಹೆಂಡತಿಗೆ ಇವತ್ತು ಅಣ್ಣ ಬಂದು ಹೋದದ್ದು. ನಾನು ಪಾಳಿಯ ಮೇಲಿದ್ದಾಗ.

ನನಗೆ ಇನ್ನೊಂದು ಗುಂಪಿನಲ್ಲಿ ಜಾಗ, ಸೊಂಟದ ಪಟ್ಟಿ ಒಂದು.

ಭಾವನಿಗೆ ಏನೂ ಇಲ್ಲ. ಬಿಲ್ಲೆ ಇಲ್ಲದ ಒಂಬತ್ತು ದಿನದ ಕೂಲಿ ಕೊಟ್ಟಿಲ್ಲ. ಬಿಲ್ಲೆಯನ್ನು ಲಾಭಕ್ಕೆ ಬರೆಯುವಂತಿಲ್ಲ, ಅದು ಮೊದಲಿನಿಂದಲೂ ಅವರದ್ದೇ.